ಗ್ರಿಲ್ ಬಿಸಿ ಅಂಗಡೀಲಿ, ಬಿಲ್ ಬಿಸಿ ಮನೇಲಿ!

ಗ್ಯಾಸಿನ ತಾಪತ್ರಯ ಇಲ್ಲ, ಹೊಗೆ ಇಲ್ಲ, ಸ್ವಿಚ್ ಒತ್ತಿದರೆ ಪನೀರ್ ಟಿಕ್ಕಾ, ತಂದೂರಿ ರೊಟ್ಟಿ, ಚಿಕನ್ ಎಲ್ಲಾ ರೆಡಿ. ಎಲೆಕ್ಟ್ರಿಕ್ ಗ್ರಿಲ್ ಮಾರುವವರ ಮಾತೇ ಇದು. ಈಗ ಇದಕ್ಕೆ ಇನ್ನೊಂದು ಒಗ್ಗರಣೆ ಸೇರಿದೆ: "ಕರೆಂಟು ಹೆಂಗೂ ಫ್ರೀ ಐತಲ್ಲ ಅಕ್ಕಾರೆ!"

ಫ್ರೀ ಹೌದಾ? ಲೆಕ್ಕ ನೋಡಬೇಕು.

2023ರ ಆಗಸ್ಟ್ ಬಿಲ್ಲಿನಿಂದ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂತ ಬಹಳ ಜನ ತಿಳಿದಿದ್ದಾರೆ. ನಿಯಮ ಹಾಗಿಲ್ಲ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿತ್ತೋ, ಅದರ ಮೇಲೆ ಶೇ. 10 ಮಾತ್ರ ಉಚಿತ. ಸರಾಸರಿ 120 ಇದ್ದ ಮನೆಗೆ 132 ಯೂನಿಟ್. ಅಂದು ಗ್ರಿಲ್ ಇಲ್ಲದ ಮನೆಗೆ ಗ್ರಿಲ್ಲಿನ ಕರೆಂಟು ಈ ಲೆಕ್ಕದಲ್ಲಿ ಸೇರಿಯೇ ಇಲ್ಲ.

2000 ವ್ಯಾಟಿನ ಗ್ರಿಲ್ ಒಂದು ಗಂಟೆ ಪೂರ್ತಿ ಉರಿದರೆ 2 ಯೂನಿಟ್. ಥರ್ಮೋಸ್ಟಾಟ್ ಇದ್ದರೆ ಸ್ವಲ್ಪ ಕಮ್ಮಿ. ಭಾನುವಾರಕ್ಕೊಮ್ಮೆ ಹಚ್ಚಿದರೆ ತಿಂಗಳಿಗೆ ಎಂಟೋ ಹತ್ತೋ ಯೂನಿಟ್, ಚಿಂತೆಯಿಲ್ಲ. ದಿನಾ ರೊಟ್ಟಿಗೆ ಹಚ್ಚಿದರೆ 60.

ಕುಣಿಕೆ ಇರೋದು ಮುಂದೆ. 2025ರ ಏಪ್ರಿಲ್ ದರ ಯೂನಿಟ್ಟಿಗೆ 5 ರೂ. 80 ಪೈಸೆ. ಈ ಮನೆ 200 ಯೂನಿಟ್ ಸುಟ್ಟರೆ ಹೆಚ್ಚಿನ 68 ಯೂನಿಟ್ಟಿಗೆ 394 ರೂ. ಕೊಟ್ಟರಾಯಿತು. ಮೀಟರು 201 ತೋರಿಸಿತೋ, ರಿಯಾಯಿತಿ ಪೂರಾ ಖತಂ! ಯೂನಿಟ್ ಬಾಬ್ತೇ 1,165 ರೂ., ಮೇಲೆ ಫಿಕ್ಸೆಡ್ ಚಾರ್ಜು, ತೆರಿಗೆ. ಬೇಸಿಗೆಯಲ್ಲಿ ಫ್ಯಾನು, ಕೂಲರಿನ ಜೊತೆ ಗ್ರಿಲ್ಲೂ ಸೇರಿದರೆ ಈ ಗೆರೆ ದಾಟೋದು ಕಷ್ಟವೇನಲ್ಲ.

ಬಾಯಿಮಾತಿನ ಮೇಲೆ ಗ್ರಿಲ್ ಮಾರೋದು ಹೊಸ ವಿದ್ಯೆಯೇನಲ್ಲ. 1994ರಲ್ಲಿ ಅಮೆರಿಕದಲ್ಲಿ ಬಾಕ್ಸಿಂಗ್ ಚಾಂಪಿಯನ್ ಜಾರ್ಜ್ ಫೋರ್‌ಮನ್ ಹೆಸರಿನ ಗ್ರಿಲ್ ಬಂತು. ಮಾಂಸದ ಕೊಬ್ಬು ಸೋರಿ ಹೋಗುತ್ತೆ ಅಂತ ಟಿ.ವಿ.ಯಲ್ಲಿ ತೋರಿಸಿ ತೋರಿಸಿ ಮಾರಿದರು. 1999ರಲ್ಲಿ ಕಂಪನಿ ಆ ಹೆಸರಿಗೇ ಸುಮಾರು 13.75 ಕೋಟಿ ಡಾಲರ್ ತೆತ್ತಿತು. ಹೆಸರಿಗೆ, ಮಾತಿಗೆ ಅಷ್ಟು ಬೆಲೆ!

ಬಿಲ್ಲಿಗಿಂತ ದೊಡ್ಡ ಅಪಾಯ ಗೋಡೆಯೊಳಗಿದೆ. 230 ವೋಲ್ಟಿನಲ್ಲಿ 2000 ವ್ಯಾಟ್ ಅಂದರೆ ಹತ್ತಿರ ಹತ್ತಿರ 9 ಆಂಪಿಯರ್. ಮನೆಯ ಸಣ್ಣ ಪ್ಲಗ್ಗಿನ ತಾಕತ್ತು 6. ಹಳೇ ದಾವಣಗೆರೆಯಂಥ ಕಡೆ ಎಷ್ಟೋ ವರ್ಷದ ವೈರಿಂಗಿಗೆ ಎಕ್ಸ್‌ಟೆನ್ಶನ್ ಬಾಕ್ಸ್ ಸಿಕ್ಕಿಸಿ ಗ್ರಿಲ್ ಹಚ್ಚಿದರೆ ರೊಟ್ಟಿಗಿಂತ ಮೊದಲು ವೈರೇ ಸುಟ್ಟೀತು. 16 ಆಂಪಿಯರಿನ ಪವರ್ ಪ್ಲಗ್, ಸರಿಯಾದ ಅರ್ಥಿಂಗ್ ಇಲ್ಲದೆ ಇದಕ್ಕೆ ಕೈ ಹಾಕಬಾರದು.

ವೋಲ್ಟೇಜು ಇಳಿಯುವ ಕಡೆ ಇನ್ನೊಂದು ಫಜೀತಿ. 180 ವೋಲ್ಟಿಗೆ ಬಂದರೆ 2000 ವ್ಯಾಟಿನ ಗ್ರಿಲ್ ಕೊಡೋದು ಬರೀ 1200 ವ್ಯಾಟಿನ ಶಾಖ. ರೊಟ್ಟಿ ಉಬ್ಬೋದಿಲ್ಲ, ಒಣಗಿ ಹಪ್ಪಳವಾಗುತ್ತೆ. ಗಿರಾಕಿ ಬೈಯೋದು ಅಂಗಡಿಯವನನ್ನೇ.

ಹೀಗಾಗಿ ಅಂಗಡಿಯವರಿಗೂ ಸತ್ಯ ಹೇಳೋದೇ ಲಾಭ. ವ್ಯಾಟ್ ಎಷ್ಟು, ಪ್ಲಗ್ ಯಾವುದು ಅಂತ ಎರಡು ಮಾತು ಹೇಳಿ ಮಾರಿದರೆ ಗ್ರಿಲ್ ವಾಪಸ್ ಬರೋದು ತಪ್ಪುತ್ತೆ. ಕೊಳ್ಳುವವರು ಗ್ರಿಲ್ಲಿನ ಡಬ್ಬಿ ಬಿಚ್ಚಿಸುವ ಮುಂಚೆ ಮನೆಯ ಹಳೇ ಕರೆಂಟ್ ಬಿಲ್ಲು ಬಿಚ್ಚಿ ನೋಡೋದು ವಾಸಿ. ಎಷ್ಟು ಯೂನಿಟ್ ಉಚಿತ ಅನ್ನೋದು ಮಾರುವವನ ಬಾಯಲ್ಲಿಲ್ಲ, ಆ ಬಿಲ್ಲಿನಲ್ಲಿದೆ.