ಸೇವೆ ಎಂಬ ಬೈಗುಳ

ಕಳೆದ ನವೆಂಬರಿನಲ್ಲಿ ಡೊಂಬಿವಲಿಯ ಪರಿಚಿತರೊಬ್ಬರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ 'ಥಟ್ ಅಂತ ಹೇಳಿ'ಯ ಮಾತು ಬಂತು. ಮನೆಯ ಹಿರಿಯರು ಭಕ್ತಿಯಿಂದ, "ಸೋಮೇಶ್ವರ ಅವರದ್ದು ಎಂಥಾ ಕನ್ನಡ ಸೇವೆ ನೋಡಮ್ಮ!" ಅಂದರು. "ಅದು ಸೇವೆ ಅಲ್ಲ ಅಂಕಲ್, ಕೆಲಸ" ಅಂದೆ. ಪಲ್ಯ ಬಡಿಸುತ್ತಿದ್ದ ಕೈ ಅರ್ಧದಲ್ಲೇ ನಿಂತಿತು. ಅವತ್ತು ಸಾರು ಆರುತ್ತಿತ್ತು, ಪೂರ್ತಿ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ಡಾ. ನಾ. ಸೋಮೇಶ್ವರ ಓದಿನಿಂದ ವೈದ್ಯರು, ವಿಜ್ಞಾನ ಮತ್ತು ಆರೋಗ್ಯದ ಬಗ್ಗೆ ಬರೆಯುವವರು. 2002ರ ಜನವರಿಯಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಅವರ ರಸಪ್ರಶ್ನೆ ಕಾರ್ಯಕ್ರಮ ಶುರುವಾಯಿತು. 3000 ಕಂತು ದಾಟಿ ಎಷ್ಟೋ ಕಾಲವಾಯಿತು. ಬಹುಮಾನ ಕನ್ನಡ ಪುಸ್ತಕ. ಅದು ಶುರುವಾದ ಹೊತ್ತನ್ನು ನೆನಪಿಸಿಕೊಳ್ಳಿ: ಅಮಿತಾಭ್ ಬಚ್ಚನ್ 2000ದ ಜುಲೈನಲ್ಲಿ ಸ್ಟಾರ್ ಪ್ಲಸ್‌ಗೆ ಬಂದು ದೇಶದ ಮುಂದೆ 1 ಕೋಟಿ ರೂಪಾಯಿ ಇಟ್ಟು ಒಂದೂವರೆ ವರ್ಷವಾಗಿತ್ತು. ರಸಪ್ರಶ್ನೆ ಎಂದರೆ ಚೆಕ್ಕು ಎಂದು ಊರೆಲ್ಲ ನಂಬಿದ್ದ ಕಾಲದಲ್ಲಿ ಒಬ್ಬ ಡಾಕ್ಟರು ಪುಸ್ತಕ ಹಿಡಿದು ನಿಂತರು.

ಇದನ್ನು 'ಸರಳತೆ' ಎಂದು ಹೊಗಳುವವರು ಆಟದ ಒಳಗಿನ ಲೆಕ್ಕವನ್ನು ನೋಡಿಲ್ಲ. ಕೋಟಿಯ ಆಟದಲ್ಲಿ ನಿರೂಪಕರ ಕಸುಬೆಲ್ಲ ಉತ್ತರ ಬರುವುದಕ್ಕೆ ಮುಂಚಿನ ನಿಮಿಷದಲ್ಲಿದೆ. ನಾಲ್ಕು ಆಯ್ಕೆ, ಒಂದು ನಿಟ್ಟುಸಿರು, "ಲಾಕ್ ಮಾಡಲೇ?", ಎದೆ ಬಡಿತದಂಥ ಸಂಗೀತ, ನಡುವೆ ಜಾಹೀರಾತು. ಉತ್ತರ ಬಂದಮೇಲೆ ಅದು ಯಾಕೆ ಸರಿ ಎಂದು ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ, ಕಣ್ಣೆಲ್ಲ ಮುಂದಿನ ಮೊತ್ತದ ಮೇಲೆ. 'ಥಟ್ ಅಂತ ಹೇಳಿ'ಯಲ್ಲಿ ಲೆಕ್ಕ ತಿರುಗುಮುರುಗು. ಉತ್ತರ ಥಟ್ಟನೆ ಬರಬೇಕು, ಸಮಯ ಸಿಗುವುದು ಅದರ ನಂತರದ ವಿವರಣೆಗೆ. ತಪ್ಪು ಹೇಳಿದವರು ಲಕ್ಷಗಟ್ಟಲೆ ಕಳೆದುಕೊಂಡು ಬೆವರುವುದಿಲ್ಲ, ಹಾಗಾಗಿ ಅವರೂ ಕಿವಿಗೊಟ್ಟು ಕೇಳುತ್ತಾರೆ. ಬಹುಮಾನ ಚಿಕ್ಕದಾಗಿದ್ದರಿಂದಲೇ ಕಲಿಕೆಗೆ ಜಾಗ ಸಿಕ್ಕಿತು.

ಇನ್ನು ಪ್ರಶ್ನೆಗಳ ಮಾತು. ಕೆಲವು ವರ್ಷಗಳ ಹಿಂದೆ ಒಂದು ಆ್ಯಪ್‌ ಕಂಪನಿಯವರು ಇಂಗ್ಲಿಷಿನ ಸಾವಿರಾರು ರಸಪ್ರಶ್ನೆಗಳನ್ನು ಕನ್ನಡಕ್ಕೆ ತರಲು ನನಗೆ ಕಳಿಸಿದರು. ಪದಕ್ಕೆ ಇಷ್ಟು ಎಂದು ದರ. ಮೊದಲ ದಿನವೇ ಬಂದ ಪ್ರಶ್ನೆ: ಎಂಟಮಾಲಜಿ ಯಾವುದರ ಅಧ್ಯಯನ? ಕನ್ನಡಿಸಿದರೆ, 'ಕೀಟಶಾಸ್ತ್ರ ಯಾವುದರ ಅಧ್ಯಯನ?' ಪ್ರಶ್ನೆಯ ಹೊಟ್ಟೆಯಲ್ಲೇ ಉತ್ತರ! ಇಂಥವನ್ನು ಅನುವಾದಿಸಲಾಗದು, ಹೊಸದಾಗಿ ಬರೆಯಬೇಕು ಎಂದು ಪತ್ರ ಬರೆದೆ. 'ವಿಜ್ಞಾನ'ದ ತದ್ಭವ ಯಾವುದು ಎಂದು ಕೇಳೋಣ, 'ಬಿನ್ನಣ' ಎಂಬ ಉತ್ತರ ಬಂದಾಗ ಹಳಗನ್ನಡದಲ್ಲಿ ಅದಕ್ಕೆ ಜಾಣ್ಮೆ, ಕೌಶಲ ಎಂಬ ಅರ್ಥ ಹೇಗೆ ಬಂತೆಂದು ಎರಡು ಸಾಲು ಕೊಡೋಣ ಎಂದೂ ಸೇರಿಸಿದೆ. ಬಂದ ಉತ್ತರ: "ಬಜೆಟ್ ಇಲ್ಲ ಮೇಡಂ, ಕನ್ನಡ ಸೇವೆ ಅಂದ್ಕೊಂಡು ಮಾಡಿಕೊಡಿ." ಅಲ್ಲಿಗೆ ಆ ಕೆಲಸ ಬಿಟ್ಟೆ.

ಆಗ ತಿಳಿಯಿತು, ಕಂತಿಗೆ ಹತ್ತೇ ಪ್ರಶ್ನೆ ಎಂದಿಟ್ಟುಕೊಂಡರೂ 3000 ಕಂತಿಗೆ 30,000 ಪ್ರಶ್ನೆಗಳಾಗುತ್ತವೆ. ಅಷ್ಟನ್ನು ಕನ್ನಡದಲ್ಲೇ ಯೋಚಿಸಿ, ಸರಿಯೋ ತಪ್ಪೋ ನೋಡಿ, ಮೂರು ಮಾತಿನಲ್ಲಿ ವಿವರಿಸುವುದು ಒಂದು ಪೂರ್ಣ ಕಸುಬು. ಅದಕ್ಕೆ ಅಭ್ಯಾಸ ಬೇಕು, ಸಮಯ ಬೇಕು, ತಂಡ ಬೇಕು, ದುಡ್ಡು ಬೇಕು.

"ಹಾಗಾದರೆ 'ಕನ್ನಡದ ಕೋಟ್ಯಧಿಪತಿ' ಏನೂ ಅಲ್ಲವಾ?" ಎಂದು ಕೆಲವರು ಕೇಳಬಹುದು. 2012ರಲ್ಲಿ ಪುನೀತ್ ರಾಜ್‌ಕುಮಾರ್ ಸುವರ್ಣ ವಾಹಿನಿಯಲ್ಲಿ ಅದನ್ನು ನಡೆಸಿದ್ದನ್ನು ನಾನೂ ಕಣ್ಣು ಬಿಟ್ಟು ನೋಡಿದವಳೇ. ಹಳ್ಳಿಯಿಂದ ಬಂದ ಸ್ಪರ್ಧಿಯ ಕೈ ನಡುಗಿದರೆ ಅದನ್ನು ಸಮಾಧಾನ ಮಾಡುವ ಗುಣ ಅವರಲ್ಲಿತ್ತು. ಅದನ್ನು ಅಲ್ಲಗಳೆಯುವ ಮೂರ್ಖತನ ನನಗಿಲ್ಲ. ಆದರೆ ಆ ಆಟದ ಚೌಕಟ್ಟು 1998ರಲ್ಲಿ ಬ್ರಿಟನ್ನಿನಲ್ಲಿ ಸಿದ್ಧವಾಗಿ ಬಂದದ್ದು. ಕುರ್ಚಿ, ಬೆಳಕು, ಸಂಗೀತ, ಲೈಫ್‌ಲೈನ್ ಎಲ್ಲ ದೇಶದಲ್ಲೂ ಹೆಚ್ಚುಕಡಿಮೆ ಒಂದೇ. ಖಾಲಿ ಬಿಟ್ಟ ಜಾಗದಲ್ಲಿ ಆಯಾ ಭಾಷೆ ತುಂಬಿದರಾಯಿತು. ಎಂಥ ಒಳ್ಳೆಯ ನಿರೂಪಕರೇ ಬಂದರೂ ಆ ಖಾಲಿ ಜಾಗದ ಅಳತೆ ಹಿಗ್ಗುವುದಿಲ್ಲ. ಕನ್ನಡ ತನ್ನದೇ ಅಳತೆಯಲ್ಲಿ ಕಟ್ಟಿಕೊಂಡ ಆಟ ಚಂದನದ್ದು.

ಅಂಥದ್ದಕ್ಕೆ ನಾವು ಕೊಟ್ಟ ಬಿರುದು 'ಸೇವೆ'. ಈ ಪದವನ್ನು ಬೈಗುಳ ಎನ್ನುವುದಕ್ಕೆ ಕಾರಣವಿದೆ. ಕೆಲಸ ಎಂದರೆ ಅದರ ಗುಣಮಟ್ಟ ಕೇಳಬೇಕಾಗುತ್ತದೆ, ಕೂಲಿ ಕೇಳಬೇಕಾಗುತ್ತದೆ, ಇವರ ನಂತರ ಯಾರು ಎಂದು ಕೇಳಬೇಕಾಗುತ್ತದೆ. ಸೇವೆ ಎಂದುಬಿಟ್ಟರೆ ಒಂದು ಶಾಲು, ಒಂದು ಹಾರ, ಫಲತಾಂಬೂಲ, ಮುಗಿಯಿತು. ಇಪ್ಪತ್ತು ವರ್ಷಕ್ಕೂ ಮೀರಿ ಒಬ್ಬರೇ ಹೊತ್ತದ್ದನ್ನು ದಾಖಲೆ ಎಂದು ಚಪ್ಪಾಳೆ ತಟ್ಟಿದ ನಾವು, ಅದನ್ನು ಹೊರಬಲ್ಲ ಇನ್ನೂ ಹತ್ತು ಜನ ಎಲ್ಲಿ ತಯಾರಾಗುತ್ತಿದ್ದಾರೆ ಎಂದು ಒಮ್ಮೆಯಾದರೂ ವಿಚಾರಿಸಿದೆವೇ?

ಹೊರನಾಡಿನ ನಮಗೆ ಇದು ದೂರದ ಮಾತಲ್ಲ. ನಮ್ಮ ಮಕ್ಕಳು ಮರಾಠಿಯಲ್ಲೋ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಪಾಠ ಕಲಿಯುತ್ತಾರೆ. ಅವರಿಗೆ ಕನ್ನಡ ಎಂದರೆ ಅಜ್ಜಿಯ ಫೋನು ಮತ್ತು ಬೇಸಿಗೆ ರಜೆ. ಪರಮಾಣುವಿನ ಬಗ್ಗೆಯೂ ಪಿತ್ತಕೋಶದ ಬಗ್ಗೆಯೂ ಕನ್ನಡದಲ್ಲಿ ಪ್ರಶ್ನೆ ಕೇಳಬಹುದು, ಉತ್ತರವನ್ನೂ ಹೇಳಬಹುದು ಎಂದು ಅವರಿಗೆ ತೋರಿಸುವ ಜಾಗಗಳು ಬೆರಳೆಣಿಕೆಯಷ್ಟು. ಚಂದನ ಡಿಡಿ ಫ್ರೀ ಡಿಶ್‌ನಲ್ಲಿ ತಿಂಗಳ ಚಂದಾ ಇಲ್ಲದೆ ಸಿಗುತ್ತದೆ. ಆದರೂ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುತ್ತೇವೆ? ಹೊಗಳುವುದಕ್ಕೆ ನೋಡಬೇಕೆಂದಿಲ್ಲವಲ್ಲ, ಅದೇ ಸುಖ.

ಮುಂದಿನ ರಾಜ್ಯೋತ್ಸವಕ್ಕೆ ನಿಮ್ಮ ಸಂಘ ರಸಪ್ರಶ್ನೆ ಇಟ್ಟುಕೊಳ್ಳುತ್ತದೆ. ಇಂಟರ್ನೆಟ್ಟಿನಿಂದ ಇಳಿಸಿದ ಪ್ರಶ್ನೆಗಳನ್ನು ಹಿಂದಿನ ರಾತ್ರಿ ಯಾರಿಂದಲೋ ಕನ್ನಡಕ್ಕೆ ತಿರುಗಿಸಬೇಡಿ. ಕನ್ನಡದಲ್ಲೇ ಪ್ರಶ್ನೆ ಬರೆಯಬಲ್ಲ ಹುಡುಗಿಯೋ ಹುಡುಗನೋ ನಿಮ್ಮಲ್ಲೇ ಇದ್ದಾರು, ಅವರನ್ನು ಎರಡು ತಿಂಗಳು ಮುಂಚೆ ಹುಡುಕಿ. ಫೋನು ಮಾಡಿದಾಗ "ನಿಮ್ಮಿಂದ ಒಂದು ಸೇವೆ ಆಗಬೇಕಿತ್ತು" ಎಂದು ಶುರು ಮಾಡಬೇಡಿ. "ಎಷ್ಟು ತಗೊಳ್ತೀರಿ?" ಎಂದು ಕೇಳಿ.