ನಿಂತ ಗಾಡಿಯ ಲೆಕ್ಕ

ಮೊನ್ನೆ ಹಬ್ಬಕ್ಕೆ ಸೀರೆ ಕೊಳ್ಳಲು ನನ್ನ ಶ್ರೀಮತಿಯನ್ನೂ ಮೊಮ್ಮಗಳನ್ನೂ ಕಾರಿನಲ್ಲಿ ಕೂರಿಸಿಕೊಂಡು ದೇವರಾಜ ಅರಸು ರಸ್ತೆಗೆ ಹೋಗಿದ್ದೆ. ಚಾಮರಾಜಪುರಂನಿಂದ ಅದೇನು ದೂರವಲ್ಲ. ಆದರೆ ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಮೂರು ಸುತ್ತು ಹೊಡೆದೆವು. ಕೊನೆಗೆ ಎಲ್ಲೋ ದೂರದ ಅಡ್ಡರಸ್ತೆಯಲ್ಲಿ ನಿಲ್ಲಿಸಿ ನಡೆದೆವು. ಶ್ರೀಮತಿಗೆ ಮಂಡಿ ನೋವು. ಅರ್ಧ ದಾರಿಯಲ್ಲೇ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತು, "ರೀ, ಸೀರೆಯೂ ಬೇಡ, ಏನೂ ಬೇಡ, ಮನೆಗೆ ನಡೀರಿ" ಎಂದುಬಿಟ್ಟಳು.

ಮೊಮ್ಮಗಳು ಸಾಲಾಗಿ ನಿಂತ ಗಾಡಿಗಳನ್ನು ನೋಡುತ್ತಾ ಕೇಳಿದಳು: "ತಾತ, ಇವೆಲ್ಲ ಯಾರ ಕಾರುಗಳು?"

ಉತ್ತರ ಕೊಟ್ಟವನು ಪಕ್ಕದಲ್ಲಿದ್ದ ಕಾವಲುಗಾರ. "ಇದು ಈ ಅಂಗಡಿ ಯಜಮಾನರದು, ಅದು ಆ ಆಫೀಸಿನವರದು ಪುಟ್ಟಿ. ಬೆಳಿಗ್ಗೆ ಹತ್ತಕ್ಕೆ ಬಂದು ನಿಂತರೆ ರಾತ್ರಿಯವರೆಗೂ ಅಲ್ಲಾಡೋದಿಲ್ಲ."

ನನಗೆ ನಗು ಬಂತು. ಹಿಂದೆಯೇ ನಾಚಿಕೆಯೂ ಆಯಿತು. ಯಾಕೆಂದು ಹೇಳುತ್ತೇನೆ.

1983ರಲ್ಲಿ ನಾನೊಂದು ಸ್ಕೂಟರ್ ಕೊಂಡೆ. ಪೇಟೆಯ ನಡುವೆ ನಮ್ಮ ಬ್ಯಾಂಕಿನ ಶಾಖೆ. ಪಕ್ಕದ ಬಟ್ಟೆ ಅಂಗಡಿಯ ಮುಂದೆ ನೆರಳಿತ್ತು. ದಿನಾ ಹತ್ತಕ್ಕೆ ಅಲ್ಲಿ ನಿಲ್ಲಿಸಿದರೆ ಸಂಜೆ ಐದಕ್ಕೇ ತೆಗೆಯುತ್ತಿದ್ದದ್ದು. ಒಂದು ದಿನ ಆ ಅಂಗಡಿಯ ಯಜಮಾನರು ಚಲನ್ ಹಿಡಿದು ನನ್ನ ಕೌಂಟರಿಗೆ ಬಂದವರು ಮೆಲ್ಲಗೆ ಕೇಳಿದರು: "ಸ್ವಾಮಿ, ಲಾಕರಿಗೆ ನೀವು ಬಾಡಿಗೆ ತಗೋತೀರಿ. ನಿಮ್ಮ ಸ್ಕೂಟರು ನನ್ನ ಬಾಗಿಲಲ್ಲಿ ಏಳು ಗಂಟೆ ನಿಲ್ಲುತ್ತಲ್ಲ, ಅದಕ್ಕೇನು ಬಾಡಿಗೆ?" ನಾನು ನಕ್ಕು ಸೀಲು ಹೊಡೆದು ಕಳಿಸಿದೆ. ಮರುದಿನವೂ ಅಲ್ಲೇ ನಿಲ್ಲಿಸಿದೆ.

ಅರಸು ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಶುಲ್ಕ ಇಡಬೇಕೆಂಬ ಮಾತು ಮೈಸೂರಿಗೆ ಹೊಸದಲ್ಲ. ಪಾಲಿಕೆ ಮುಂದಾಗುವುದು, ವ್ಯಾಪಾರಿಗಳು ಗಿರಾಕಿ ಬರುವುದಿಲ್ಲವೆಂದು ವಿರೋಧಿಸುವುದು, ಮಾತು ಅಲ್ಲಿಗೇ ನಿಲ್ಲುವುದು, ಇದನ್ನು ನಾವು ಕಂಡಿದ್ದೇವೆ. ದಿವಾನ್ ರಂಗಾಚಾರ್ಲು ಅವರ ನೆನಪಿನ ಪುರಭವನದ ಆವರಣದಲ್ಲಿ ನೆಲದಡಿ ವಾಹನ ನಿಲ್ದಾಣ ಕಟ್ಟುವ ಕೆಲಸ ವರ್ಷಗಟ್ಟಲೆ ಎಳೆದದ್ದನ್ನೂ ಕಂಡಿದ್ದೇವೆ.

ಈ ತಾಪತ್ರಯ ನಮ್ಮದೊಂದೇ ಅಲ್ಲ. ಅಮೆರಿಕದ ಓಕ್ಲಹೋಮ ಸಿಟಿಯಲ್ಲಿ ಕಚೇರಿಗಳ ನೌಕರರು ಬೆಳಿಗ್ಗೆಯೇ ಬಂದು ಅಂಗಡಿಗಳ ಮುಂದೆ ದಿನವಿಡೀ ಕಾರು ನಿಲ್ಲಿಸುತ್ತಿದ್ದರು. ಕೊಳ್ಳಲು ಬಂದವರಿಗೆ ಜಾಗವಿಲ್ಲ. ಕಾರ್ಲ್ ಮ್ಯಾಗೀ ಎಂಬ ಪತ್ರಿಕಾ ಸಂಪಾದಕರು ಇದಕ್ಕೆ ಉಪಾಯ ಹುಡುಕಿದರು. ಜಗತ್ತಿನ ಮೊದಲ ಪಾರ್ಕಿಂಗ್ ಮೀಟರ್ 1935ರ ಜುಲೈ 16ರಂದು ಅಲ್ಲಿ ಕೆಲಸ ಶುರು ಮಾಡಿತು. ಗಂಟೆಗೆ ಐದು ಸೆಂಟ್. ಅದರ ಮುಖ್ಯ ಉದ್ದೇಶ ಬೊಕ್ಕಸ ತುಂಬುವುದಲ್ಲ, ನಿಂತ ಗಾಡಿಯನ್ನು ಕದಲಿಸುವುದು.

ಮಕ್ಕಳೇ, ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಬೇಕು. ಅಂದರೆ ಹತ್ತಿರಹತ್ತಿರ 135 ಚದರಡಿ. ನಾನು ಮದುವೆಯಾದ ಹೊಸದರಲ್ಲಿ ವಠಾರದಲ್ಲಿ ಬಾಡಿಗೆ ಕೊಟ್ಟು ಇದ್ದ ಕೋಣೆ ಅಷ್ಟಿರಲಿಲ್ಲ! ಆ ಜಾಗದಲ್ಲಿ ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಒಂದೇ ಕಾರು ನಿಂತರೆ ಅನುಕೂಲವಾಗುವುದು ಒಬ್ಬರಿಗೆ. ಗಂಟೆಗೊಂದು ಕಾರು ಬಂದುಹೋದರೆ ಹತ್ತು ಮನೆಯವರಿಗೆ.

ಹಾಗಾಗಿ ದಿನಕ್ಕಿಷ್ಟು ಎಂದು ಒಂದೇ ಸಲ ಹಣ ಕಟ್ಟಿಸಿಕೊಂಡು ಮುಖ್ಯರಸ್ತೆಯಲ್ಲಿ ದಿನವಿಡೀ ನಿಲ್ಲಲು ಬಿಡುವುದು ನನಗೆ ಸರಿ ಕಾಣುವುದಿಲ್ಲ. ಹಣವಿದ್ದವರು ಕಟ್ಟಿ ನಿಶ್ಚಿಂತೆಯಾಗಿ ನಿಲ್ಲಿಸುತ್ತಾರೆ, ಜಾಗ ಮಾತ್ರ ಖಾಲಿಯಾಗುವುದಿಲ್ಲ. ಪೇಟೆಯ ನಡುವೆ ಗಂಟೆಯ ಲೆಕ್ಕ ಇರಲಿ. ದಿನದ ಲೆಕ್ಕದ ಜಾಗ ಸ್ವಲ್ಪ ದೂರದಲ್ಲಿ, ಕಡಿಮೆ ದರಕ್ಕೆ ಸಿಗಲಿ. ಅಂಗಡಿ, ಆಫೀಸುಗಳಲ್ಲಿ ದುಡಿಯುವವರು ಅಲ್ಲಿ ನಿಲ್ಲಿಸಿ ನಡೆದು ಬರಲಿ. ನಡೆಯಲಾಗದವರಿಗೆಂದು ಅಂಗಡಿಗಳ ಹತ್ತಿರ ಕೆಲವು ಜಾಗ ಮೀಸಲಿರಲಿ.

"ಬಡವರ ಗತಿಯೇನು?" ಎಂದು ನನ್ನ ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅದೇ ಬಟ್ಟೆ ಅಂಗಡಿಗಳಲ್ಲಿ ಸೀರೆ ಬಿಡಿಸಿ ತೋರಿಸುವ ಎಷ್ಟೋ ಹೆಣ್ಣುಮಕ್ಕಳು ಸಿಟಿ ಬಸ್ಸಿನಲ್ಲಿ ಬರುತ್ತಾರೆ. ಅವರಿಗೆ ಗಾಡಿಯೇ ಇಲ್ಲ. ಗಾಡಿಗಳು ಫುಟ್‌ಪಾತಿನ ಮೇಲೂ ಏರಿ ನಿಂತಿರುವುದರಿಂದ ರಸ್ತೆಗೆ ಇಳಿದು ನಡೆಯುವವರು ಅವರೇ. ಪುಕ್ಕಟೆ ಎನ್ನುವುದರ ಬೆಲೆಯನ್ನು ಈಗಲೂ ಯಾರೋ ಕಟ್ಟುತ್ತಲೇ ಇದ್ದಾರೆ.

ಬ್ಯಾಂಕಿನಲ್ಲಿ ಜೀವ ಸವೆಸಿದವನಾಗಿ ನನ್ನದೊಂದು ಷರತ್ತು ಉಂಟು. ಪ್ರತಿ ರೂಪಾಯಿಗೂ ರಸೀದಿ ಬೇಕು. ತಿಂಗಳ ಜಮಾಖರ್ಚು ಅದೇ ರಸ್ತೆಯಲ್ಲಿ ಫಲಕದ ಮೇಲೆ ಕಾಣಬೇಕು. ಆ ಹಣ ಅಲ್ಲಿಯ ಫುಟ್‌ಪಾತಿಗೇ ಹೋಗಬೇಕು. ಲೆಕ್ಕ ಕಣ್ಣಿಗೆ ಕಂಡರೆ ಜನ ಗೊಣಗುತ್ತಲಾದರೂ ಕೊಡುತ್ತಾರೆ.

ನಿಮಗೂ ಒಂದು ಕೆಲಸ. ರಜೆಯ ದಿನ ದೊಡ್ಡವರೊಬ್ಬರ ಜೊತೆ ನಿಮ್ಮೂರಿನ ಪೇಟೆಗೆ ಹೋಗಿ ಬೆಳಿಗ್ಗೆ 11ಕ್ಕೆ ಇಪ್ಪತ್ತು ಗಾಡಿಗಳ ನಂಬರ್ ಬರೆದುಕೊಳ್ಳಿ. ಸಂಜೆ 4ಕ್ಕೆ ಮತ್ತೆ ನೋಡಿ. ಎಷ್ಟು ಗಾಡಿ ಇನ್ನೂ ಅಲ್ಲೇ ಇವೆ, ಎಣಿಸಿ.

ಮನೆಗೆ ಬಂದ ಮೇಲೆ ಮೊಮ್ಮಗಳು ನನ್ನ ಸ್ಕೂಟರಿನ ಕಥೆ ಕೇಳಿ ಪೆನ್ಸಿಲ್ ಹಿಡಿದಳು. ಹನ್ನೆರಡು ವರ್ಷ, ವರ್ಷಕ್ಕೆ 280 ದಿನ, ದಿನಕ್ಕೆ ಏಳು ಗಂಟೆ. "ಗಂಟೆಗೆ ಒಂದೇ ರೂಪಾಯಿ ಹಾಕಿದ್ದೀನಿ ತಾತ. 23,520 ರೂಪಾಯಿ ಬಾಕಿ!"

ಕೂಡಿ ಗುಣಿಸಿ ನೋಡಿದೆ. ಲೆಕ್ಕ ಸರಿಯಾಗಿತ್ತು. ಮರುದಿನ ಶ್ರೀಮತಿಯನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ಅಂಗಡಿಯ ಬಾಗಿಲಲ್ಲೇ ಇಳಿಸಿದೆ. ಕಾರು ಮನೆಯಲ್ಲೇ ಇತ್ತು.