ಅರಸನೂ ಕೈಮುಗಿದು ನಿಲ್ಲುವ ಅಂಗಳ

ಬೈಕಂಪಾಡಿಯ ಕಾರ್ಖಾನೆಗಳನ್ನು ಹಿಂದಿಕ್ಕಿ ಹೆದ್ದಾರಿಯಲ್ಲಿ ಉತ್ತರಾಭಿಮುಖವಾಗಿ ಹೊರಟು, ಸುರತ್ಕಲ್, ಮುಕ್ಕ, ಹಳೆಯಂಗಡಿಗಳನ್ನು ದಾಟಿದವನಿಗೆ ಪಡುಪಣಂಬೂರಿನಲ್ಲಿ ಮೂಲ್ಕಿ ಸೀಮೆಯ ಸಾವಂತ ಅರಸರ ಅರಮನೆಯೂ, ಸೀಮೆಯ ಅರಸು ಕಂಬಳ ನಡೆಯುವ ಗದ್ದೆಯೂ ಇದಿರಾಗುತ್ತವೆ. ಕದಂಬ, ಚಾಲುಕ್ಯ, ಹೊಯ್ಸಳರ ವಂಶಾವಳಿಗಳನ್ನು ಕಂಠಪಾಠ ಮಾಡುವ ನಮ್ಮ ಮಕ್ಕಳಿಗೆ ಈ ಸಾವಂತರಾಗಲಿ, ನಂದಾವರದ ಬಂಗರಾಗಲಿ, ವೇಣೂರಿನಲ್ಲಿ 1604ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಅಜಿಲರಾಗಲಿ ಪರಿಚಿತರಲ್ಲ. ಅವರ ಪಾಲಿಗೆ ಉಳಿದಿರುವುದು ಚೌಟರ ಮನೆಯ ಅಬ್ಬಕ್ಕನ ಹೆಸರೊಂದೇ.

ಈ ಅರಸರನ್ನು ಹದ್ದಿನಲ್ಲಿಟ್ಟ ಬಗೆಯನ್ನು ತಿಳಿಯಲು ದೂರದ ದೇಶವೊಂದರೊಡನೆ ಹೋಲಿಸಿ ನೋಡೋಣ. ಹಂಗೇರಿ ದೇಶದ ಸರದಾರರು 1222ರಲ್ಲಿ ತಮ್ಮ ದೊರೆಯಾದ ಎರಡನೆಯ ಆಂಡ್ರ್ಯೂವಿನಿಂದ ಪಡೆದ ಸುವರ್ಣಮುದ್ರೆಯ ಶಾಸನವು, ಅರಸನು ಕೊಟ್ಟ ಮಾತಿಗೆ ತಪ್ಪಿದಲ್ಲಿ ಅವನನ್ನು ಪ್ರತಿಭಟಿಸುವುದು ರಾಜದ್ರೋಹವಾಗದೆಂದು ಸಾರಿತು. 1687ರಲ್ಲಿ ಆ ಹಕ್ಕನ್ನು ಬಿಟ್ಟುಕೊಡಬೇಕಾಗಿ ಬಂದರೂ, ಆ ಪತ್ರವು ಇಂದಿಗೂ ಅಲ್ಲಿಯ ಚರಿತ್ರೆಯಲ್ಲಿ ಗೌರವದ ಸ್ಥಾನವನ್ನು ಪಡೆದಿದೆ. ಅಂಥ ಪತ್ರವೊಂದು ತುಳುನಾಡಿನಲ್ಲಿಲ್ಲ. ಆದರೆ ಅಂಥ ವಿಚಾರವೇ ಇಲ್ಲಿರಲಿಲ್ಲವೆಂದರೆ ನಾನು ಒಪ್ಪಲಾರೆ. ಗಡಿ ಹಿಡಿದು ಅರಸನಾದವನು ಎಂತಹ ಮನೆತನದವನೇ ಆಗಲಿ, ದೈವಾರಾಧನೆಯ ನೇಮದ ದಿನ ದೈವದ ಮುಂದೆ ಕೈಮುಗಿದು ನಿಲ್ಲತಕ್ಕದ್ದು. ನಲಿಕೆ, ಪರವ, ಪಂಬದ ಸಮುದಾಯಗಳಿಂದ ಬಂದು, ಅಣಿ ಕಟ್ಟಿ, ಗಗ್ಗರ ತೊಟ್ಟವನ ಬಾಯಿಂದ ಬರುವ ನುಡಿಗೆ, ನೆರೆದ ಮಾಗಣೆಯವರೆಲ್ಲ ಕೇಳುವಂತೆ, ತಲೆಬಾಗಿ ಉತ್ತರ ಕೊಡತಕ್ಕದ್ದು. ಹಂಗೇರಿಯವರು ಬರೆದಿಟ್ಟುದನ್ನು ನಮ್ಮವರು ವರುಷವರುಷವೂ ಅಂಗಳದಲ್ಲಿ ನಡೆಸಿ ತೋರಿಸಿದರು.

ಇದನ್ನು ಸಮತೆಯೆಂದು ನಾನು ಕೊಂಡಾಡುತ್ತಿಲ್ಲ. ಇರುಳೆಲ್ಲ ಅರಸನನ್ನು ಪ್ರಶ್ನಿಸಿದ ಆ ಮನುಷ್ಯನು ಮರುದಿನ ಬೆಳಗ್ಗೆ ಅದೇ ಅರಸನ ಚಾವಡಿಯ ಹೊರಗೆ ನಿಲ್ಲಬೇಕಾಗಿತ್ತೆಂಬ ವೇದನೆಯೂ ನಮ್ಮ ಚರಿತ್ರೆಯೇ. ಹಂಗೇರಿಯ ಶಾಸನವೂ ಅಲ್ಲಿಯ ಉಳುವವರಿಗೆ ಕೊಟ್ಟದ್ದು ಅತ್ಯಲ್ಪ. ಎರಡನ್ನೂ ಮರೆಮಾಚದೆ ಬರೆಯಬೇಕು.

ಇನ್ನೊಂದು ವಿಷಯದಲ್ಲಂತೂ ನಮ್ಮ ನಾಡೇ ಮುಂದೆ ಇದ್ದಿತು. 1382ರಲ್ಲಿ ಲೂಯಿ ಮಹಾರಾಜನು ಗಂಡು ಸಂತಾನವಿಲ್ಲದೆ ತೀರಿಕೊಂಡಾಗ, ಆಳುವ ಹೆಣ್ಣಿನ ಕಲ್ಪನೆಯೇ ಇಲ್ಲದ ಹಂಗೇರಿಯವರು ಅವನ ಮಗಳು ಮೇರಿಗೆ ‘ರಾಜ’ನೆಂಬ ಬಿರುದನ್ನೇ ಕೊಟ್ಟು ಕಿರೀಟವಿಟ್ಟರು. ಅಳಿಯಸಂತಾನದ ತುಳುನಾಡಿಗಾದರೋ ಈ ಸಂಕಟವಿರಲಿಲ್ಲ. ಇಲ್ಲಿ ಅಧಿಕಾರವು ಹರಿದುಬರುತ್ತಿದ್ದುದೇ ಹೆಣ್ಣಿನ ಮೂಲಕ. 1623ರಲ್ಲಿ ಬಂದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆಯು ಉಳ್ಳಾಲದ ರಾಣಿಯನ್ನು ಕಂಡದ್ದು ಸಿಂಹಾಸನದ ಮೇಲಲ್ಲ, ಮಣೇಲಿನ ಬಯಲಿನಲ್ಲಿ. ಆಕೆ ಬರಿಗಾಲಲ್ಲಿ ನಡೆದುಬಂದು, ಹೊಸದಾಗಿ ತೋಡಿಸುತ್ತಿದ್ದ ಕಾಲುವೆಗಳ ಕೆಲಸವನ್ನು ತಾನೇ ನೋಡಿಕೊಳ್ಳುತ್ತಿದ್ದಳು.

ಆದುದರಿಂದ ನನ್ನ ಬೇಡಿಕೆ ಇಷ್ಟೆ: ನಮ್ಮ ಬೀಡು, ಗುತ್ತುಗಳ ಕಡತಗಳನ್ನು ಗೆದ್ದಲು ಹಿಡಿಯುವ ಮೊದಲೇ ವಿಶ್ವವಿದ್ಯಾಲಯಗಳು ಓದಿಸಲಿ, ಪಾಡ್ದನಗಳೊಂದಿಗೆ ದೈವದ ನುಡಿಗಳನ್ನೂ, ಅವುಗಳನ್ನು ಆಡುವ ಸಮುದಾಯಗಳ ಹಿರಿಯರನ್ನೇ ಗುರುಗಳನ್ನಾಗಿ ಕೂರಿಸಿಕೊಂಡು, ರಾಜನೀತಿಯ ಆಕರಗಳೆಂದು ಬರೆದಿಡಲಿ. ಈ ಹಿರಿಯರಲ್ಲಿ ಅನೇಕರು ಈಗ ಎಪ್ಪತ್ತು ದಾಟಿದವರು. ಅವರ ಮಕ್ಕಳಲ್ಲಿ ಕೆಲವರು ನಮ್ಮ ಬೈಕಂಪಾಡಿಯಲ್ಲೇ ರಾತ್ರಿ ಪಾಳಿ ಮುಗಿಸಿ, ಮೊದಲ ಬಸ್ಸು ಹಿಡಿದು, ನೇಮ ಮುಗಿಯುವುದರೊಳಗೆ ಊರು ಸೇರುವವರು.